ಒಂದು ಮೀಟರ್ ರಟ್ಟಿನ ಮೇಲೆ ಜಿಇವಿ, ಮೀಟರ್, ಸೆಕೆಂಡ್: ಕಟ್ಟುತ್ತಾ ಬರೆದ ದಿನಚರಿ

ಇದು ಶುರುವಾಗಿದ್ದು ಒಂದು ತಪ್ಪು ಉತ್ತರದಿಂದ. ಮ್ಯುಯಾನ್ (ಎಲೆಕ್ಟ್ರಾನ್‌ನಂಥದ್ದೇ, ಆದರೆ ಅದಕ್ಕಿಂತ ಭಾರವಾದ ಕಣ) ಸರಾಸರಿ ಎಷ್ಟು ಹೊತ್ತು ಬದುಕುತ್ತದೆ ಅಂತ ಕೈಯಲ್ಲೇ ಲೆಕ್ಕ ಹಾಕುತ್ತಿದ್ದೆ. ಸೂತ್ರ ಸರಿಯಾಗಿತ್ತು. ಅಗಲ, ಅಂದರೆ ಕಣ ಕ್ಷಯಿಸುವ ದರ, 3.009 × 10⁻¹⁹ ಜಿಇವಿ (ಕಣಗಳ ಶಕ್ತಿ ಅಳೆಯುವ ಮಾನ, 100 ಕೋಟಿ ಎಲೆಕ್ಟ್ರಾನ್ ವೋಲ್ಟ್) ಅಂತ ಬಂತು. ಅದನ್ನು ಸೆಕೆಂಡಿಗೆ ತರಬೇಕಿತ್ತು. ಎಚ್-ಬಾರ್‌ನ (ಪ್ಲಾಂಕ್ ಸ್ಥಿರಾಂಕ ಎಚ್ ಅನ್ನು ಎರಡು ಪೈಯಿಂದ ಭಾಗಿಸಿದ್ದು) ಬೆಲೆ 6.582 × 10⁻²⁵ ಜಿಇವಿ-ಸೆಕೆಂಡ್. ಅದನ್ನು ಅಗಲದಿಂದ ಭಾಗಿಸಬೇಕು. ನಾನು ಗುಣಿಸಿದೆ. 1.98 × 10⁻⁴³ ಸೆಕೆಂಡ್ ಅಂತ ಬಂತು, ಬರೆದುಕೊಂಡು ಮುಂದೆ ಹೋದೆ.

ಮ್ಯುಯಾನ್ ವಾತಾವರಣದ ಮೇಲಿಂದ ನೆಲದವರೆಗೂ ಬಂದು ಮುಟ್ಟುವ ಕಣ. ನಾನು ಕೊಟ್ಟ ಆಯುಸ್ಸು ಪ್ಲಾಂಕ್ ಕಾಲದ (ಸ್ಥಿರಾಂಕಗಳಿಂದಲೇ ಹುಟ್ಟುವ ಅತಿ ಚಿಕ್ಕ ಕಾಲಮಾನ) ನಾಲ್ಕು ಪಟ್ಟಿಗಿಂತಲೂ ಕಮ್ಮಿ. ಆದರೂ ಕಣ್ಣಿಗೆ ಏನೂ ಚುಚ್ಚಲಿಲ್ಲ. ಕ್ಯಾಲ್ಕುಲೇಟರ್ ಅಂಕಿ ಕೊಡುತ್ತದೆ, ಆ ಅಂಕಿ ಎಲ್ಲಿ ನಿಂತಿದೆ ಅಂತ ಹೇಳುವುದಿಲ್ಲ. ನನಗೆ ಬೇಕಾಗಿದ್ದು ಆ ಜಾಗ. ಹಾಗಾಗಿ ಒಂದು ಉದ್ದನೆಯ ಪಟ್ಟಿ ಮಾಡೋಣ ಅಂತ ಕೂತೆ. ಶಕ್ತಿ, ಉದ್ದ, ಕಾಲ, ದ್ರವ್ಯರಾಶಿ, ತಾಪ ಐದೂ ಸಾಲು ಒಂದರ ಕೆಳಗೆ ಒಂದು. ಮೇಲಿಂದ ಕೆಳಕ್ಕೆ ಒಂದು ಗೆರೆ ಎಳೆದರೆ ಐದೂ ಉತ್ತರ ಒಟ್ಟಿಗೆ ಕಾಣಬೇಕು.

ಬಳಸಿದ್ದು: 3 ಮಿಲಿಮೀಟರ್ ದಪ್ಪದ ರಟ್ಟು, 1 ಮೀಟರಿನ ಸ್ಟೀಲ್ ಸ್ಕೇಲ್, ಕಾಗದ ಕತ್ತರಿಸುವ ಚಾಕು, 0.3 ಮಿಲಿಮೀಟರ್ ಪೆನ್ನು, ಎ4 ಹಾಳೆ, ಪ್ರಿಂಟರ್, ಅಂಟು, ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಲೆಕ್ಕಕ್ಕೆ ಸ್ಪ್ರೆಡ್‌ಶೀಟ್. ದುಡ್ಡಿನ ಖರ್ಚು ಹೇಳಿಕೊಳ್ಳುವಷ್ಟಿಲ್ಲ. ಸಮಯ 19 ಗಂಟೆ ಹೋಯಿತು. ಅದರಲ್ಲಿ 11 ಗಂಟೆ ತಪ್ಪು ಮಾಡಿ ತಿದ್ದಿದ್ದಕ್ಕೆ.

ದಿನ 1: ನಾಲ್ಕು ಸಂಖ್ಯೆ

ನ್ಯಾಚುರಲ್ ಯೂನಿಟ್‌ನಲ್ಲಿ ಬೆಳಕಿನ ವೇಗ, ಎಚ್-ಬಾರ್, ಬೋಲ್ಟ್ಸ್‌ಮನ್ ಸ್ಥಿರಾಂಕ ಮೂರೂ 1. ಆಗ ಎಲ್ಲವನ್ನೂ ಎಲೆಕ್ಟ್ರಾನ್ ವೋಲ್ಟ್‌ನಲ್ಲೇ, ಅಂದರೆ ಇವಿಯಲ್ಲೇ ಬರೆಯಬಹುದು. ಪಟ್ಟಿ ಕಟ್ಟಲು ಬೇಕಾಗುವುದು 1 ಇವಿ ಎದುರಿಗೆ ಉಳಿದ ಸಾಲುಗಳಲ್ಲಿ ಏನು ಬರುತ್ತದೆ ಅನ್ನೋದಷ್ಟೇ.

ಉದ್ದ: 1.97327 × 10⁻⁷ ಮೀಟರ್. ಲಾಗ್ −6.7048
ಕಾಲ: 6.58212 × 10⁻¹⁶ ಸೆಕೆಂಡ್. ಲಾಗ್ −15.1816
ದ್ರವ್ಯರಾಶಿ: 1.78266 × 10⁻³⁶ ಕಿಲೋಗ್ರಾಂ. ಲಾಗ್ −35.7489
ತಾಪ: 11604.5 ಕೆಲ್ವಿನ್. ಲಾಗ್ 4.0646

ಬೆಳಕಿನ ವೇಗದ ಬೆಲೆಯನ್ನು 1983ರಲ್ಲೇ ನಿಗದಿ ಮಾಡಿಬಿಟ್ಟಿದ್ದರು. 2019ರ ಮೇ 20ರಿಂದ ಪ್ಲಾಂಕ್ ಸ್ಥಿರಾಂಕ, ಎಲೆಕ್ಟ್ರಾನ್ ಚಾರ್ಜ್, ಬೋಲ್ಟ್ಸ್‌ಮನ್ ಸ್ಥಿರಾಂಕಕ್ಕೂ ಖಚಿತ ಬೆಲೆ ಬಂತು. ಮೇಲಿನ ನಾಲ್ಕೂ ಇವುಗಳಿಂದಲೇ ಹುಟ್ಟುವ ಸಂಖ್ಯೆಗಳು. ಹಾಗಾಗಿ ಹೊಸ ಅಳತೆ ಬಂತು ಅಂತ ಈ ಗೆರೆಗಳನ್ನು ಮುಂದೆಂದೂ ಸರಿಸಬೇಕಾಗಿಲ್ಲ. ಒಮ್ಮೆ ಸರಿಯಾಗಿ ಎಳೆದರೆ ಸಾಕು ಅನ್ನೋದು ನನಗೆ ದೊಡ್ಡ ಹುರುಪು ಕೊಟ್ಟಿತು.

ಶಕ್ತಿ, ದ್ರವ್ಯರಾಶಿ, ತಾಪ ಎಡದಿಂದ ಬಲಕ್ಕೆ ಬೆಳೆಯುತ್ತವೆ. ಉದ್ದ ಮತ್ತು ಕಾಲ ಬಲದಿಂದ ಎಡಕ್ಕೆ ಬೆಳೆಯುತ್ತವೆ. ಭಾಗಿಸುವುದೋ ಗುಣಿಸುವುದೋ ಅನ್ನುವ ನನ್ನ ಗೊಂದಲ ಇಲ್ಲೇ ಮುಗಿಯಿತು, ಯಾಕೆಂದರೆ ಸಾಲಿನ ದಿಕ್ಕೇ ಉತ್ತರ ಹೇಳುತ್ತದೆ.

ದಿನ 2: ಮೊದಲ ಪಟ್ಟಿ, ಹಾಳು

10⁻⁴ ಇವಿಯಿಂದ 10²⁸ ಇವಿವರೆಗೆ ಸಾಕು ಅಂದುಕೊಂಡೆ. ಎಡಗಡೆ ಬಾಹ್ಯಾಕಾಶದ ಹಿನ್ನೆಲೆ ವಿಕಿರಣ, ಬಲಗಡೆ ಪ್ಲಾಂಕ್ ಶಕ್ತಿ. 32 ದಶಕ. ಒಂದು ದಶಕಕ್ಕೆ, ಅಂದರೆ ಒಂದು ಹತ್ತುಪಟ್ಟಿಗೆ, 3 ಸೆಂಟಿಮೀಟರ್. ಒಟ್ಟು 96. ಕೈಯಲ್ಲೇ ಗೆರೆ ಹಾಕಿದೆ. ಐದು ಸಾಲಿಗೆ ಐದು ಗಂಟೆ ಹಿಡಿಯಿತು.

ಮುಗಿದ ಮೇಲೆ ನೋಡಿದರೆ ಎರಡು ಕಡೆ ತಪ್ಪಿತ್ತು. ಪ್ಲಾಂಕ್ ಶಕ್ತಿ 10²⁸ ಅಲ್ಲ, 1.22 × 10²⁸ ಇವಿ. ಅದು ಕೊನೆಯ ಗೆರೆಯಿಂದ 2.6 ಮಿಲಿಮೀಟರ್ ಆಚೆಗೆ ಬೀಳುತ್ತದೆ. ಇದನ್ನು ಹೇಗೋ ಸಹಿಸಬಹುದಿತ್ತು. ಎರಡನೆಯದನ್ನು ಸಹಿಸುವ ಹಾಗಿರಲಿಲ್ಲ. ಯಾವ ಮ್ಯುಯಾನ್‌ಗೋಸ್ಕರ ಇಷ್ಟೆಲ್ಲಾ ಶುರು ಮಾಡಿದ್ದೆನೋ, ಅದರ ಅಗಲ 3 × 10⁻¹⁰ ಇವಿ. ಪಟ್ಟಿಯ ಎಡ ತುದಿಯಿಂದ 16.6 ಸೆಂಟಿಮೀಟರ್ ಹೊರಗೆ, ಬರೀ ಮೇಜಿನ ಮೇಲೆ ಅದರ ಜಾಗ. ಕಣಗಳ ದ್ರವ್ಯರಾಶಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ವ್ಯಾಪ್ತಿ ಆರಿಸಿದ್ದೆ. ನಿಧಾನವಾಗಿ ಸಾಯುವ ಕಣದ ಅಗಲ ಎಷ್ಟು ಕಿರಿದಾಗುತ್ತದೆ ಅಂತ ಯೋಚಿಸಿರಲಿಲ್ಲ. ಗೆರೆ ಎಳೆಯುವ ಮೊದಲು ನಾಲ್ಕೈದು ಉದಾಹರಣೆ ಹಾಕಿ ನೋಡಿದ್ದರೆ ಐದು ಗಂಟೆ ಉಳಿಯುತ್ತಿತ್ತು.

ದಿನ 4: ಎರಡನೇ ಅಳತೆ

10⁻¹¹ರಿಂದ 10²⁹ ಇವಿ. 40 ದಶಕ, ದಶಕಕ್ಕೆ 2.5 ಸೆಂಟಿಮೀಟರ್, ಒಟ್ಟು ಸರಿಯಾಗಿ 100. ಶಕ್ತಿಯ ಜಾಗ ಹುಡುಕುವುದು ಸುಲಭ: ಇವಿಯಲ್ಲಿರುವ ಶಕ್ತಿಯ ಲಾಗ್‌ಗೆ 11 ಕೂಡಿಸಿ 2.5ರಿಂದ ಗುಣಿಸಿದರೆ ಎಡ ತುದಿಯಿಂದ ಎಷ್ಟು ಸೆಂಟಿಮೀಟರ್ ಅಂತ ಬರುತ್ತದೆ. 1 ಜಿಇವಿ ಸರಿಯಾಗಿ 50ರ ಮೇಲೆ ಬಿತ್ತು. ನಾನು ಹಾಗೆ ಬರಲಿ ಅಂತ ಮಾಡಿದ್ದಲ್ಲ. ಆದರೆ ಆಮೇಲೆ ಇದು ತುಂಬಾ ಉಪಯೋಗಕ್ಕೆ ಬಂತು. ಸ್ಕೇಲ್ ನಡುವೆ ಕೈಯಿಟ್ಟರೆ ಪ್ರೋಟಾನ್ ಸಿಗುತ್ತದೆ.

ನಿಖರತೆ ಬಗ್ಗೆ ಮುಂಚೆಯೇ ಹೇಳಿಬಿಡುತ್ತೇನೆ. ಕಣ್ಣಲ್ಲಿ ಅರ್ಧ ಮಿಲಿಮೀಟರ್ ಓದಬಹುದು ಅಂದುಕೊಂಡರೆ ಸುಮಾರು 5 ಪ್ರತಿಶತ ತಪ್ಪು. 1 ಮಿಲಿಮೀಟರ್ ತಪ್ಪಿದರೆ 10 ಪ್ರತಿಶತ. ಹತ್ತರ ಘಾತ ಮತ್ತು ಅದರ ಮುಂದಿನ ಒಂದು ಅಂಕಿ, ಇಷ್ಟೇ ಈ ಪಟ್ಟಿಯಿಂದ ಕೇಳಬಹುದು.

ದಿನ 5: ಪ್ರಿಂಟ್

ಈ ಸಲ ಗೆರೆಗಳನ್ನು ಸ್ಪ್ರೆಡ್‌ಶೀಟ್‌ನಲ್ಲಿ ಲೆಕ್ಕ ಹಾಕಿ ಪ್ರಿಂಟ್ ತೆಗೆದೆ. ಹಾಳೆಗೆ 25 ಸೆಂಟಿಮೀಟರ್, ಅಂದರೆ ಹತ್ತು ದಶಕ. ನಾಲ್ಕು ಹಾಳೆ ಜೋಡಿಸಿದರೆ 1 ಮೀಟರ್. ಒಂದು ಸಾಲು ತಪ್ಪಾದರೆ ಅದೊಂದನ್ನೇ ಬದಲಿಸಬಹುದು ಅಂತ ಪ್ರತಿ ಸಾಲನ್ನೂ ಬೇರೆ ಬೇರೆ ಪ್ರಿಂಟ್ ಮಾಡಿದೆ. ಈ ಯೋಚನೆ ಒಳ್ಳೆಯದೇ. ಆದರೆ ಶಕ್ತಿ ಮತ್ತು ದ್ರವ್ಯರಾಶಿಯ ಸಾಲು ಪೂರ್ತಿ ಅಳತೆಯಲ್ಲಿ ಬಂದವು, ಉಳಿದ ಮೂರು ‘ಫಿಟ್ ಟು ಪೇಜ್’ ಆಯ್ಕೆಯಲ್ಲಿ ಬಂದವು. ಅವುಗಳಲ್ಲಿ 25 ಸೆಂಟಿಮೀಟರ್ ಇರಬೇಕಾದ ಕಡೆ 24.2 ಇತ್ತು.

ಸಿಕ್ಕಿಬಿದ್ದಿದ್ದು ಪ್ಲಾಂಕ್ ಗೆರೆಯಿಂದ. 1.22 × 10²⁸ ಇವಿ, 2.18 × 10⁻⁸ ಕಿಲೋಗ್ರಾಂ, 1.62 × 10⁻³⁵ ಮೀಟರ್, 5.39 × 10⁻⁴⁴ ಸೆಕೆಂಡ್, 1.42 × 10³² ಕೆಲ್ವಿನ್ ಐದೂ ಒಂದೇ ನೇರದಲ್ಲಿ, 97.7 ಸೆಂಟಿಮೀಟರ್‌ನಲ್ಲಿ ನಿಲ್ಲಬೇಕು. ಎರಡು ಅಲ್ಲಿ ನಿಂತವು, ಮೂರು 94.6ರಲ್ಲಿ ನಿಂತವು. ಇನ್ನೂ ಅಂಟಿಸಿರಲಿಲ್ಲ, ಸುಮ್ನೆ ಮೇಜಿನ ಮೇಲೆ ಜೋಡಿಸಿ ನೋಡಿದ್ದೆ. ಬಚಾವಾದೆ. ಐದೂ ಸಾಲು ಒಂದೇ ರೀತಿ ಕುಗ್ಗಿದ್ದರೆ ಓದುವುದಕ್ಕೆ ಏನೂ ತೊಂದರೆ ಇರಲಿಲ್ಲ. ಕೆಲವು ಕುಗ್ಗಿ ಕೆಲವು ಕುಗ್ಗದಿದ್ದರೆ ಮಾತ್ರ ಕೆಲಸ ಕೆಡುತ್ತದೆ.

ದಿನ 6: ಅಂಟು, ಕರ್ಸರ್

ನೀರಿನ ಅಂಟು ಹಚ್ಚಿದ ಸಾಲು ಒದ್ದೆಯಾಗಿ ಉದ್ದ ಹಿಗ್ಗಿತು. ಮೀಟರಿಗೆ 3 ಮಿಲಿಮೀಟರ್. ಪಟ್ಟಿಯ ಲೆಕ್ಕದಲ್ಲಿ ಇದು 30 ಪ್ರತಿಶತಕ್ಕೂ ಜಾಸ್ತಿ ತಪ್ಪು. ಆ ಸಾಲು ಕಿತ್ತು ಮತ್ತೆ ಪ್ರಿಂಟ್ ತೆಗೆದು ಒಣ ಅಂಟುಕಡ್ಡಿಯಲ್ಲಿ ಅಂಟಿಸಿದೆ.

ಓದುವ ಗೆರೆಗೆ ಪ್ಲಾಸ್ಟಿಕ್ ಹಾಳೆಯ ಮೇಲೆ ಒಂದು ಕಪ್ಪು ಗೆರೆ ಗೀರಿ ಕರ್ಸರ್ ಮಾಡಿದೆ. ಪಟ್ಟಿ 12 ಸೆಂಟಿಮೀಟರ್ ಎತ್ತರ ಇರುವುದರಿಂದ ಕರ್ಸರ್ ಸ್ವಲ್ಪ ವಾಲಿದರೂ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ 1 ಮಿಲಿಮೀಟರ್ ವ್ಯತ್ಯಾಸ ಬಂದೇ ಬರುತ್ತದೆ. ರಟ್ಟಿನ ಎರಡೂ ಅಂಚಿಗೆ ತಗುಲುವಂತೆ ಕರ್ಸರ್ ಕೆಳಗೆ ಮಡಿಕೆ ಕೊಟ್ಟ ಮೇಲೆ ಅದು ಸರಿಯಾಗಿ ಜಾರಿತು.

ದಿನ 7ರಿಂದ 9: ಬೆಳಕಿನಿಂದ ತಾಳೆ ನೋಡಲು ಹೋಗಿ ಕೆಡಿಸಿಕೊಂಡದ್ದು

ಇಡೀ ಕೆಲಸದಲ್ಲಿ ಹೆಚ್ಚು ಕಲಿತದ್ದು ಇಲ್ಲಿ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಉದ್ದದ ಸಾಲನ್ನು ನನಗೆ ಚೆನ್ನಾಗಿ ಗೊತ್ತಿರುವ ಒಂದು ವಸ್ತುವಿನಿಂದ ತಾಳೆ ನೋಡಬೇಕು ಅನ್ನಿಸಿತು. ಹಸಿರು ಬೆಳಕು ಆರಿಸಿದೆ. ತರಂಗದೂರ 500 ನ್ಯಾನೊಮೀಟರ್, ಫೋಟಾನ್, ಅಂದರೆ ಬೆಳಕಿನ ಕಣದ ಶಕ್ತಿ 2.48 ಇವಿ. ಇದು ಕಾಲೇಜಿನಿಂದ ಬಾಯಿಪಾಠ. ಕರ್ಸರ್ ಅನ್ನು 500 ನ್ಯಾನೊಮೀಟರ್ ಮೇಲಿಟ್ಟೆ. ಶಕ್ತಿಯ ಸಾಲಿನಲ್ಲಿ 0.395 ಇವಿ ಅಂತ ಬಂತು. ಆರು ಪಟ್ಟು ಕಮ್ಮಿ.

ಎದೆ ಧಸಕ್ಕೆಂದಿತು. ಉದ್ದದ ಸಾಲನ್ನು ತಪ್ಪಾಗಿ ಅಂಟಿಸಿದ್ದೇನೆ ಅಂತಲೇ ತೀರ್ಮಾನಿಸಿದೆ. ಇರಬೇಕಾದ ಜಾಗಕ್ಕೂ ಇರುವ ಜಾಗಕ್ಕೂ ಅಂತರ ಅಳೆದೆ: ಹೆಚ್ಚುಕಮ್ಮಿ ಸರಿಯಾಗಿ 2 ಸೆಂಟಿಮೀಟರ್. ಸಾಲನ್ನು ಕಿತ್ತು, ಬಲಕ್ಕೆ 2 ಸೆಂಟಿಮೀಟರ್ ಸರಿಸಿ ಅಂಟಿಸಿದೆ. ಈಗ ಹಸಿರು ಬೆಳಕು 2.48 ಇವಿ ತೋರಿಸಿತು. ಕೆಂಪು, ನೀಲಿ ಬೆಳಕನ್ನೂ ನೋಡಿದೆ. ಎಲ್ಲಾ ಸರಿ. ಖುಷಿಯಾಗಿ ಮಲಗಿದೆ.

ಎರಡು ದಿನ ಬಿಟ್ಟು ಪಯಾನ್ ಹಾಕಿದೆ. 1935ರಲ್ಲಿ ಭೌತವಿಜ್ಞಾನಿ ಯುಕಾವಾ ನ್ಯೂಕ್ಲಿಯಸ್ ಒಳಗಿನ ಬಲ ಎಷ್ಟು ದೂರ ಮುಟ್ಟುತ್ತದೆ ಅನ್ನೋದರಿಂದಲೇ ಅದನ್ನು ಹೊರುವ ಕಣದ ದ್ರವ್ಯರಾಶಿ ಅಂದಾಜು ಮಾಡಿದ್ದರು, ಪಯಾನ್ ಸಿಕ್ಕಿದ್ದು 1947ರಲ್ಲಿ. ಚಾರ್ಜ್ ಇರುವ ಪಯಾನ್‌ನ ದ್ರವ್ಯರಾಶಿ 139.57 ಎಂಇವಿ (1 ಎಂಇವಿ ಅಂದರೆ 10 ಲಕ್ಷ ಇವಿ). 1 ಎಂಇವಿ ಎದುರಿಗೆ ಬರುವ ಉದ್ದ 197.33 ಫೆಮ್ಟೊಮೀಟರ್ (1 ಫೆಮ್ಟೊಮೀಟರ್ ಅಂದರೆ 10⁻¹⁵ ಮೀಟರ್). ಅದನ್ನು 139.57ರಿಂದ ಭಾಗಿಸಿದರೆ 1.41 ಫೆಮ್ಟೊಮೀಟರ್. ನನ್ನ ಪಟ್ಟಿ 8.9 ತೋರಿಸಿತು. ಸೀಸದ ನ್ಯೂಕ್ಲಿಯಸ್‌ನ ತ್ರಿಜ್ಯವೇ ಸುಮಾರು 7 ಫೆಮ್ಟೊಮೀಟರ್. ಪಕ್ಕದ ಕಣವನ್ನಷ್ಟೇ ಹಿಡಿಯಬೇಕಾದ ಬಲ ಸೀಸದ ನ್ಯೂಕ್ಲಿಯಸ್‌ನ ತ್ರಿಜ್ಯಕ್ಕಿಂತಲೂ ದೂರ ಮುಟ್ಟುತ್ತದೆ ಅಂತ ಪಟ್ಟಿ ಹೇಳುತ್ತಿತ್ತು. ಆಗ ಪ್ಲಾಂಕ್ ಗೆರೆಗೆ ಕರ್ಸರ್ ತಂದೆ. ಉದ್ದದ ಸಾಲಿನಲ್ಲಿ 1.0 × 10⁻³⁴ ಮೀಟರ್. ಸಾಲು ಸರಿಸಿದ ದಿನವೇ ಪ್ಲಾಂಕ್ ಗೆರೆಯನ್ನು ಮತ್ತೆ ನೋಡಬೇಕಿತ್ತು. ನೋಡಿರಲಿಲ್ಲ.

ಆ 2 ಸೆಂಟಿಮೀಟರ್ ಏನು ಅಂತ ಕಾಗದ ಹಿಡಿದು ಕೂತೆ. 2ನ್ನು 2.5ರಿಂದ ಭಾಗಿಸಿದರೆ 0.8 ದಶಕ. 10ರ 0.8ನೇ ಘಾತ 6.3. ಅಂದರೆ ಎರಡು ಪೈ! ಸಾಲು ತಪ್ಪಿರಲೇ ಇಲ್ಲ. ನ್ಯಾಚುರಲ್ ಯೂನಿಟ್‌ನಲ್ಲಿ 1 ಆಗುವುದು ಎಚ್ ಅಲ್ಲ, ಎಚ್-ಬಾರ್. ಹಾಗಾಗಿ ಉದ್ದದ ಸಾಲು ತೋರಿಸುವುದು ತರಂಗದೂರವನ್ನಲ್ಲ, ಅದನ್ನು ಎರಡು ಪೈಯಿಂದ ಭಾಗಿಸಿದ್ದನ್ನು. ಎಲೆಕ್ಟ್ರಾನ್‌ಗೂ ಇದೇ ಕಥೆ. ಕಾಂಪ್ಟನ್ ತರಂಗದೂರ 2.43 × 10⁻¹² ಮೀಟರ್ ಅಂತ ಪುಸ್ತಕದಲ್ಲಿರುತ್ತದೆ, 0.511 ಎಂಇವಿ ಎದುರಿಗೆ ಪಟ್ಟಿಯಲ್ಲಿ ಬರಬೇಕಾದದ್ದು 3.86 × 10⁻¹³ ಮೀಟರ್.

ಸಾಲನ್ನು ಮತ್ತೆ ಕಿತ್ತು ಹಳೆಯ ಜಾಗಕ್ಕೇ ಅಂಟಿಸಿದೆ. ಎರಡು ಸಲ ಕಿತ್ತಿದ್ದರಿಂದ ಕಾಗದ ಹರಿದು, ಇನ್ನೊಂದು ಪ್ರಿಂಟ್ ಬೇಕಾಯಿತು. ಬೆಳಕಿಗೆ ಕರ್ಸರ್‌ನಲ್ಲೇ ದಾರಿ ಮಾಡಿದೆ. ಕಪ್ಪು ಗೆರೆಯಿಂದ ಬಲಕ್ಕೆ 1.995 ಸೆಂಟಿಮೀಟರ್ ದೂರದಲ್ಲಿ ಕೆಂಪು ಗೆರೆ. ಪೂರ್ತಿ ತರಂಗದೂರವನ್ನು ಕಪ್ಪು ಗೆರೆಗೆ ಇಟ್ಟು, ಶಕ್ತಿಯನ್ನು ಕೆಂಪು ಗೆರೆಯಲ್ಲಿ ಓದಬೇಕು. 500 ನ್ಯಾನೊಮೀಟರ್ 26.49ರಲ್ಲಿ, 2.48 ಇವಿ 28.49ರಲ್ಲಿ. ಕಾಲದ ಸಾಲಿಗೂ ಇದೇ ಕೆಂಪು ಗೆರೆ ಆಗುತ್ತದೆ. ಸೀಸಿಯಂ ಗಡಿಯಾರದ ಒಂದು ಆಂದೋಲನ 1.09 × 10⁻¹⁰ ಸೆಕೆಂಡ್, ಕೆಂಪು ಗೆರೆಯಲ್ಲಿ 3.8 × 10⁻⁵ ಇವಿ. ಸರಿಯಾಗಿ ಬಂತು. ಆದರೆ ಕಣದ ಆಯುಸ್ಸು ಮತ್ತು ಅಗಲಕ್ಕೆ ಕಪ್ಪು ಗೆರೆಯೇ. ಕರ್ಸರ್ ಮೇಲೆಯೇ ಬರೆದೆ: ‘ಅಲೆ ಆದರೆ ಕೆಂಪು, ಆಯುಸ್ಸು ಆದರೆ ಕಪ್ಪು’.

ದಿನ 10: ಬೇಗ ಮುಗಿದವು

ದ್ರವ್ಯರಾಶಿ: ಪ್ರೋಟಾನ್ 938.27 ಎಂಇವಿ ಎದುರಿಗೆ 1.67 × 10⁻²⁷ ಕಿಲೋಗ್ರಾಂ. ತಾಪ: ಬಾಹ್ಯಾಕಾಶದ ಹಿನ್ನೆಲೆ ವಿಕಿರಣದ 2.725 ಕೆಲ್ವಿನ್ ಎದುರಿಗೆ 2.35 × 10⁻⁴ ಇವಿ, ಸೂರ್ಯನ ಒಡಲಿನ 1.5 ಕೋಟಿ ಕೆಲ್ವಿನ್ ಎದುರಿಗೆ 1.3 ಕೆಇವಿ (1 ಕೆಇವಿ ಅಂದರೆ ಸಾವಿರ ಇವಿ). ದುರ್ಬಲ ಬಲ ಹೊರುವ ಝಡ್ ಬೋಸಾನ್ ಕಣದ ಅಗಲ 2.495 ಜಿಇವಿ ಎದುರಿಗೆ 2.6 × 10⁻²⁵ ಸೆಕೆಂಡ್. ಮೂರು ಸಾಲಿನಲ್ಲೂ ತೊಂದರೆ ಇಲ್ಲ.

ದಿನ 11: ಬಾರ್ನ್

ಕಣಗಳು ಡಿಕ್ಕಿ ಹೊಡೆಯುವ ಸಾಧ್ಯತೆಯನ್ನು ವಿಸ್ತೀರ್ಣದಲ್ಲಿ ಅಳೆಯುತ್ತಾರೆ ಅಲ್ವಾ, ಅದಕ್ಕೊಂದು ಸಾಲು ಬೇಕಿತ್ತು. ವಿಸ್ತೀರ್ಣ ಅಂದರೆ ಉದ್ದದ ವರ್ಗ. ಹಾಗಾಗಿ ದಶಕಕ್ಕೆ 2.5 ಅಲ್ಲ, 1.25 ಸೆಂಟಿಮೀಟರ್. ಇದರ ಮೇಲೆ ಜಿಇವಿಯ ಮೈನಸ್ 2ನೇ ಘಾತಕ್ಕೆ ಇನ್ನೊಂದು ಸಾಲು, ಅದಕ್ಕೂ 1.25. ಇಲ್ಲದಿದ್ದರೆ ಪ್ರತಿ ಸಲ ವರ್ಗಮೂಲ ತೆಗೆಯಬೇಕಾಗುತ್ತದೆ.

ಇಲ್ಲಿ ತಪ್ಪಿದ್ದು ಬಾರ್ನ್ ಜಾಗ. ಬಾರ್ನ್ ಅಂದರೆ ಈ ವಿಸ್ತೀರ್ಣ ಅಳೆಯುವ ಮಾನ. 10⁻²⁴ ಅಂತ ನೆನಪಿತ್ತು. ಅದು ಚದರ ಸೆಂಟಿಮೀಟರ್ ಲೆಕ್ಕ. ನನ್ನ ಸಾಲು ಚದರ ಮೀಟರ್‌ನಲ್ಲಿ, ಅಲ್ಲಿ 10⁻²⁸ ಆಗಬೇಕು. ಬಾರ್ನ್ ಗುರುತು 45.74ರ ಬದಲು 40.74ರಲ್ಲಿ ಕೂತಿತು. 5 ಸೆಂಟಿಮೀಟರ್ ಎಡಕ್ಕೆ, ಅಂದರೆ ಓದುವ ಉತ್ತರ 10 ಸಾವಿರ ಪಟ್ಟು ಕಮ್ಮಿ. ಈ ಸಲ ಅಂಟಿಸುವ ಮೊದಲೇ ಎರಡು ಬೇರೆ ಬೇರೆ ತಾಳೆ ನೋಡಿದ್ದರಿಂದ ಹತ್ತೇ ನಿಮಿಷದಲ್ಲಿ ಗೊತ್ತಾಯಿತು. ಮೊದಲನೆಯದು, 50ರ ಗೆರೆಯಲ್ಲಿ 1 ಜಿಇವಿ ಮೈನಸ್ 2ರ ಎದುರಿಗೆ 0.389 ಮಿಲಿಬಾರ್ನ್ ಬರಬೇಕು. ಎರಡನೆಯದು, 1 ಬಾರ್ನ್ ಅಂದರೆ 10 ಫೆಮ್ಟೊಮೀಟರ್ ಬದಿಯ ಚೌಕ, ಹಾಗಾಗಿ ಅದು ಉದ್ದದ ಸಾಲಿನ 10 ಫೆಮ್ಟೊಮೀಟರ್ ನೇರಕ್ಕೇ ಇರಬೇಕು.

ಗುರುತು ಸರಿಪಡಿಸಿದ ಮೇಲೆ ಒಂದು ನಿಜವಾದ ಲೆಕ್ಕ ಹಾಕಿದೆ. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಡಿಕ್ಕಿಯಾಗಿ ಮ್ಯುಯಾನ್ ಜೋಡಿ ಹುಟ್ಟುವುದು, ಒಟ್ಟು ಶಕ್ತಿ 1 ಜಿಇವಿ ಇದ್ದಾಗ. ಮ್ಯುಯಾನ್ ದ್ರವ್ಯರಾಶಿಯನ್ನು ಲೆಕ್ಕಕ್ಕೆ ಹಿಡಿಯದ ಸರಳ ಸೂತ್ರ 2.23 × 10⁻⁴ ಜಿಇವಿ ಮೈನಸ್ 2 ಕೊಡುತ್ತದೆ. ಪಟ್ಟಿಯಲ್ಲಿ 54.56 ಸೆಂಟಿಮೀಟರ್. ಕೆಳಗೆ ಓದಿದರೆ 90 ನ್ಯಾನೊಬಾರ್ನ್‌ಗೆ ಸ್ವಲ್ಪ ಕಮ್ಮಿ. ಸರಿಯಾದ ಬೆಲೆ 86.8.

ದಿನ 12: ಮತ್ತೆ ಮ್ಯುಯಾನ್

ಫರ್ಮಿ ಸ್ಥಿರಾಂಕ (ಮ್ಯುಯಾನ್ ಅನ್ನು ಕ್ಷಯಿಸುವ ದುರ್ಬಲ ಬಲ ಎಷ್ಟು ಗಟ್ಟಿ ಅಂತ ಹೇಳುವ ಸಂಖ್ಯೆ) 1.1664 × 10⁻⁵ ಜಿಇವಿ ಮೈನಸ್ 2, ಅದರ ವರ್ಗ. ಮ್ಯುಯಾನ್ ದ್ರವ್ಯರಾಶಿ 0.10566 ಜಿಇವಿ, ಅದರ 5ನೇ ಘಾತ. ಎರಡನ್ನೂ ಗುಣಿಸಿ 192 ಸಲ ಪೈ ಘನದಿಂದ ಭಾಗಿಸಿದರೆ ಅದೇ 3.009 × 10⁻¹⁹ ಜಿಇವಿ, ಅಂದರೆ 3.009 × 10⁻¹⁰ ಇವಿ. ಪಟ್ಟಿಯ ಎಡ ತುದಿಯಿಂದ 3.7 ಸೆಂಟಿಮೀಟರ್. ಕಪ್ಪು ಗೆರೆ. ಕಾಲದ ಸಾಲಿನಲ್ಲಿ 2 ಮೈಕ್ರೊಸೆಕೆಂಡ್‌ಗಿಂತ ಸ್ವಲ್ಪ ಜಾಸ್ತಿ.

ಕ್ಯಾಲ್ಕುಲೇಟರ್‌ನಲ್ಲಿ ಈ ಸಲ ಭಾಗಿಸಿದೆ. 2.187 ಮೈಕ್ರೊಸೆಕೆಂಡ್. ಅಳೆದ ಬೆಲೆ 2.197. ಉಳಿದ ಅರ್ಧ ಪ್ರತಿಶತಕ್ಕೂ ಕಮ್ಮಿ ವ್ಯತ್ಯಾಸ ಮುಖ್ಯವಾಗಿ ಫೋಟಾನ್‌ಗಳಿಂದ ಬರುವ ಸಣ್ಣ ತಿದ್ದುಪಡಿ, ಸರಳ ಸೂತ್ರದಲ್ಲಿ ಅದು ಇಲ್ಲ. ಮೊದಲ ದಿನ ನಾನು ಬರೆದುಕೊಂಡಿದ್ದ 1.98 × 10⁻⁴³ ಸೆಕೆಂಡ್ ಎಲ್ಲಿ ಬೀಳುತ್ತದೆ ಅಂತಲೂ ಕರ್ಸರ್ ಇಟ್ಟು ನೋಡಿದೆ. ಅದು 96 ಸೆಂಟಿಮೀಟರ್‌ನಲ್ಲಿ, ಪ್ಲಾಂಕ್ ಗೆರೆಯ ಪಕ್ಕದಲ್ಲೇ. ಸರಿಯಾದ ಉತ್ತರ ಇನ್ನೊಂದು ತುದಿಯಲ್ಲಿ. ಎರಡರ ನಡುವೆ 92 ಸೆಂಟಿಮೀಟರ್ ರಟ್ಟು.

ದಿನ 14: ಟೆಸ್ಲಾ

ಕೊನೆಯ ಸಾಲು ಕಾಂತಕ್ಷೇತ್ರ. ಇದು ಶಕ್ತಿಯ ವರ್ಗ, ದಶಕಕ್ಕೆ 1.25 ಸೆಂಟಿಮೀಟರ್. 1 ಟೆಸ್ಲಾ ಎಷ್ಟು ಅಂತ ಹುಡುಕಿದರೆ ಎರಡು ಉತ್ತರ ಸಿಕ್ಕವು: 195.35 ಇವಿ ವರ್ಗ, 692.5 ಇವಿ ವರ್ಗ. ಪಟ್ಟಿಯಲ್ಲಿ 30.36 ಮತ್ತು 31.05. ಎರಡಕ್ಕೂ ಪೆನ್ಸಿಲ್‌ನಲ್ಲಿ ಗೆರೆ ಹಾಕಿ ಒಂದು ರಾತ್ರಿ ಬಿಟ್ಟೆ.

ತಾಳೆ ನೋಡಲು ಎಲ್‌ಎಚ್‌ಸಿ, ಅಂದರೆ ಪ್ರೋಟಾನ್‌ಗಳನ್ನು ಸುತ್ತಿಸಿ ಡಿಕ್ಕಿ ಹೊಡೆಸುವ ದೊಡ್ಡ ಯಂತ್ರ, ತೆಗೆದುಕೊಂಡೆ. ಅದರ ವಿನ್ಯಾಸದಲ್ಲಿ ಬಾಗಿಸುವ ಆಯಸ್ಕಾಂತ 8.33 ಟೆಸ್ಲಾ, ಬಾಗುವ ತ್ರಿಜ್ಯ 2804 ಮೀಟರ್, ಪ್ರೋಟಾನ್ ಶಕ್ತಿ 7 ಟಿಇವಿ (1 ಟಿಇವಿ ಅಂದರೆ ಸಾವಿರ ಜಿಇವಿ). ಚಾರ್ಜ್, ಕ್ಷೇತ್ರ, ತ್ರಿಜ್ಯ ಮೂರನ್ನೂ ಗುಣಿಸಿದರೆ ಶಕ್ತಿ ಬರಬೇಕು. ಚಾರ್ಜ್ 0.303 ಅಂತ ಹಾಕಿ 692.5 ಬಳಸಿದೆ. 24.8 ಟಿಇವಿ ಬಂತು. 195.35 ಬಳಸಿದೆ, 7.0 ಬಂತು.

692.5ರ ಗೆರೆ ಅಳಿಸಲು ಹೋಗಿ ಕೈ ನಿಲ್ಲಿಸಿದೆ. ಹಸಿರು ಬೆಳಕಿನ ದಿನ ಒಂದೇ ತಾಳೆ ನಂಬಿ ಸಾಲು ಕಿತ್ತಿದ್ದು ನೆನಪಾಯಿತು. ಎರಡೂ ಬೆಲೆಯ ನಡುವಿನ ಅನುಪಾತ 3.545, ಅಂದರೆ ನಾಲ್ಕು ಪೈನ ವರ್ಗಮೂಲ. ಚಾರ್ಜ್ ಅನ್ನೂ ಅಷ್ಟೇ ಕಮ್ಮಿ ಮಾಡಿ, 0.0854 ಅಂತ ಹಾಕಿ 692.5ರ ಜೊತೆ ಗುಣಿಸಿದೆ. 7.0 ಟಿಇವಿ. ಎರಡೂ ಸರಿ, ಎರಡೂ ಜೋಡಿ. ಚಾರ್ಜ್ ಬರೆಯುವ ಎರಡು ಪದ್ಧತಿ ಅಷ್ಟೇ, ಒಂದರ ಕ್ಷೇತ್ರ ಇನ್ನೊಂದರ ಚಾರ್ಜ್ ಬೆರೆಸಬಾರದು.

ಕಣ ಭೌತಶಾಸ್ತ್ರದ ಪುಸ್ತಕಗಳಲ್ಲಿ ಜಾಸ್ತಿ ಕಾಣುವುದು ಮೊದಲ ಪದ್ಧತಿ. ಹಾಗಾಗಿ 30.36ರ ಗೆರೆಯನ್ನು ಪೆನ್ನಲ್ಲಿ ಎಳೆದೆ, ಪಕ್ಕದಲ್ಲೇ ‘ಚಾರ್ಜ್ 0.303’ ಅಂತ ಬರೆದೆ. 31.05ರದ್ದು ಪೆನ್ಸಿಲ್‌ನಲ್ಲೇ ಇದೆ, ಅದರ ಪಕ್ಕದಲ್ಲಿ 0.0854 ಇದೆ.